ನೋಡಿಕೊಳ್ಳುವವಳನ್ನು ನೋಡಿಕೊಳ್ಳುವವರು ಯಾರು?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನಿವೃತ್ತ ಅಧ್ಯಾಪಕಿಯೊಬ್ಬರು ಆಡಿದ ಮಾತುಗಳ ಬರಹರೂಪ)

ನಮ್ಮ ಪ್ರತಿ ಸಂಘದಲ್ಲೂ ಒಂದು ಹಾಜರಿ ಪುಸ್ತಕ ಇದೆ. ಸಭೆಗೆ ಬಾರದಿದ್ದರೆ ಐದೋ ಹತ್ತೋ ರೂಪಾಯಿ ದಂಡ ಅಂತ ನಾವೇ ನಿಯಮ ಮಾಡಿಕೊಂಡಿದ್ದೇವೆ. ಶಿಸ್ತು ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಲೆಕ್ಕ ನೋಡಿಕೊಡಿ ಅಂತ ಕೆಲವು ಸಂಘದವರು ನನ್ನನ್ನು ಕರೆದಾಗ, ನಾನು ಹಣದ ಪುಸ್ತಕದ ಜೊತೆಗೆ ಹಾಜರಿ ಪುಸ್ತಕವನ್ನೂ ತಿರುವಿದೆ. ನಾಲ್ಕು ವಾರ, ಎಂಟು ವಾರ ಬಾರದವರ ಹೆಸರಿನ ಮೇಲೆ ಬೆರಳಿಟ್ಟು, 'ಇವರು ಯಾಕೆ ಬರುತ್ತಿಲ್ಲ?' ಅಂತ ಕೇಳುತ್ತಾ ಹೋದೆ.

'ಅವರ ಮಾವನಿಗೆ ಲಕ್ವ ಹೊಡೆದಿದೆ ಮೇಡಂ.' 'ಅತ್ತೆಗೆ ಮರೆವಿನ ಕಾಯಿಲೆ, ಬಾಗಿಲು ತೆಗೆದರೆ ರಸ್ತೆಗೆ ಹೋಗಿಬಿಡ್ತಾರೆ.' 'ಮಗುವಿಗೆ ಫಿಟ್ಸು, ಒಂದು ಗಳಿಗೆ ಬಿಡೋ ಹಾಗಿಲ್ಲ.' 'ಯಜಮಾನರಿಗೆ ಡಯಾಲಿಸಿಸ್, ವಾರಕ್ಕೆ ಎರಡು ಸಲ ಜಿಲ್ಲಾ ಆಸ್ಪತ್ರೆಗೆ ಓಡಬೇಕು.'

ಗಮನಿಸಿ. ಸಂಘದ ಆಸರೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವಳೇ ಸಂಘಕ್ಕೆ ದಂಡ ಕಟ್ಟುತ್ತಿದ್ದಾಳೆ. ಇವತ್ತು ನಾನು ಮಾತಾಡುವುದು ಆ ಹೆಣ್ಣುಮಗಳ ಬಗ್ಗೆ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಎಲ್ಲರೂ ಕಾಯಿಲೆಯವರ ಬಗ್ಗೆ ವಿಚಾರಿಸುತ್ತಾರೆ. ನೋಡಿಕೊಳ್ಳುವವಳ ಬಗ್ಗೆ ವಿಚಾರಿಸುವವರು ಯಾರು?

ಲೆಕ್ಕಕ್ಕೆ ಸಿಗದ ಕೆಲಸ

ನಾನು ಅರ್ಥಶಾಸ್ತ್ರ ಪಾಠ ಹೇಳಿದವಳು. ರಾಷ್ಟ್ರೀಯ ವರಮಾನದ ಪಾಠದಲ್ಲಿ ಪಿಗೂ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞನ ಒಂದು ಉದಾಹರಣೆ ಬರುತ್ತದೆ. ಒಬ್ಬ ಗಂಡಸು ಸಂಬಳ ಕೊಟ್ಟು ಮನೆಗೆಲಸದವಳನ್ನು ಇಟ್ಟುಕೊಂಡರೆ ಆ ಸಂಬಳ ದೇಶದ ವರಮಾನದಲ್ಲಿ ಸೇರುತ್ತದೆ. ಅವಳನ್ನೇ ಮದುವೆಯಾದರೆ ದೇಶದ ವರಮಾನ ಅಷ್ಟು ಕಡಿಮೆಯಾಗುತ್ತದೆ! ಕೆಲಸ ಅದೇ, ಕೈ ಅದೇ. ತಾಳಿ ಬಿದ್ದ ಕೂಡಲೇ ಕೆಲಸ ಕೆಲಸವಲ್ಲ, ಧರ್ಮವಾಗಿಬಿಡುತ್ತದೆ. ಹುಡುಗರು ನಗುತ್ತಿದ್ದರು. ಹಿಂದಿನ ಬೆಂಚಿನ ಹುಡುಗಿಯರು ನಗುತ್ತಿರಲಿಲ್ಲ.

ಆ ದಿನಗಳಲ್ಲೇ ನಮ್ಮ ಅತ್ತೆಯವರಿಗೆ ಪಾರ್ಶ್ವವಾಯು ಆಗಿ ಆರು ವರ್ಷ ಹಾಸಿಗೆಯಲ್ಲಿದ್ದರು. ಬೆಳಗಿನ ಐದು ಗಂಟೆಗೆ ಎದ್ದು ಅವರ ಬಟ್ಟೆ ಬದಲಿಸಿ, ಮೈ ಒರೆಸಿ, ಗಂಜಿ ಕುಡಿಸಿ, ಒಂಬತ್ತೂವರೆಗೆ ಕಾಲೇಜಿಗೆ ಹೋಗಿ ಈ ಪಾಠ ಹೇಳುತ್ತಿದ್ದೆ. ನನಗೆ ಸಂಬಳ ಬರುತ್ತಿತ್ತು, ಹಗಲು ಹೊತ್ತಿಗೆ ಒಬ್ಬ ಹೆಂಗಸನ್ನು ಇಟ್ಟುಕೊಳ್ಳುವ ಶಕ್ತಿ ಇತ್ತು. ಕೂಲಿಗೆ ಹೋದರೆ ಮಾತ್ರ ಒಲೆ ಉರಿಯುವ ಮನೆಯ ಹೆಣ್ಣುಮಗಳ ಪಾಡೇನು?

2019ರಲ್ಲಿ ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ ದೇಶದಾದ್ಯಂತ ಸಮಯದ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು 100ಕ್ಕೆ 81, ಗಂಡಸರು 26. ಮಾಡುವವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಮನೆಯ ಮಕ್ಕಳು, ಮುದುಕರು, ಕಾಯಿಲೆಯವರ ಆರೈಕೆ ಬೇರೆ ಲೆಕ್ಕ: ಅದನ್ನು ಮಾಡುವ ಹೆಂಗಸರಿಗೆ 134 ನಿಮಿಷ, ಗಂಡಸರಿಗೆ 76. ಇದು ಇಡೀ ದೇಶದ ಸರಾಸರಿ ಮಾತ್ರ. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ರಾತ್ರಿ ಎರಡಕ್ಕೆ ಎದ್ದು ಮಗ್ಗುಲು ಬದಲಿಸುವ ಹೊತ್ತು ಯಾವ ಸರಾಸರಿಗೂ ಸಿಗುವುದಿಲ್ಲ.

ಸೊಸೆ ತರುವ ಇನ್ನೊಂದು ವರದಕ್ಷಿಣೆ

ಈ ಪತ್ರಿಕೆಯಲ್ಲಿ ವರದಕ್ಷಿಣೆಯ ಬಗ್ಗೆ ನಾವು ಬಹಳ ಬರೆದಿದ್ದೇವೆ. ಹಣ, ಒಡವೆ, ಗಾಡಿ ಎಲ್ಲವನ್ನೂ ಲೆಕ್ಕ ಹಾಕಿದ್ದೇವೆ. ಹೆಣ್ಣು ನೋಡಲು ಬಂದವರು ಹೇಳುವ ಇನ್ನೊಂದು ಮಾತು ನೆನಪಿಸಿಕೊಳ್ಳಿ: 'ಮನೆಯಲ್ಲಿ ವಯಸ್ಸಾದವರಿದ್ದಾರೆ, ಹೊಂದಿಕೊಂಡು ಹೋಗುವ ಹುಡುಗಿ ಬೇಕು.' ಇದೂ ಒಂದು ಬೇಡಿಕೆಯೇ. ಹಣ ಒಂದು ಸಲ ಕೊಡುವುದು, ದುಡಿಮೆ ಜೀವನಪೂರ್ತಿ ಕೊಡುವುದು. 1961ರ ವರದಕ್ಷಿಣೆ ನಿಷೇಧ ಕಾಯಿದೆಗೆ ಇದು ಕಾಣುವುದಿಲ್ಲ.

ಹಿರಿಯರನ್ನು ನೋಡಿಕೊಳ್ಳುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಹಾಸಿಗೆ ಹಿಡಿದವರಲ್ಲಿ ಬಹಳ ಮಂದಿ ಹೆಂಗಸರೇ, ನಾವೂ ನಾಳೆ ಅಲ್ಲಿರುವವರೇ. ಕೇಳುವುದು ಇಷ್ಟೇ: ಇದು ಯಾರ ಹೊಣೆ? 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯನ್ನು ತೆಗೆದು ನೋಡಿ. ಮಕ್ಕಳು ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಅಂತ ಅದರಲ್ಲಿ ಬರೆದಿದೆ. ಸೊಸೆಯ ಹೆಸರಿಲ್ಲ. ಕಾನೂನು ಮಗನ ಮೇಲೆ ಹೊರಿಸಿದ ಹೊರೆಯನ್ನು ಮಗ ಹೆಂಡತಿಯ ತಲೆಗೆ ದಾಟಿಸುತ್ತಾನೆ. 'ನಮ್ಮಮ್ಮನನ್ನು ನಾನು ನೋಡಿಕೊಳ್ಳುತ್ತಿದ್ದೇನೆ' ಅಂತ ಊರಲ್ಲಿ ಹೇಳಿಕೊಳ್ಳುವವನು ಅವನು, ಬೆಡ್ ಪ್ಯಾನ್ ತೊಳೆಯುವವಳು ಇವಳು.

ಇಷ್ಟೆಲ್ಲ ಮಾಡಿದ ಮೇಲೂ 'ಇದು ನಮ್ಮ ಮನೆ, ಹೊರಗೆ ನಡಿ' ಅನ್ನಿಸಿಕೊಂಡ ಸೊಸೆಯರಿದ್ದಾರೆ. ಹಿರಿಯ ನಾಗರಿಕರ ಕಾಯಿದೆಯನ್ನೇ ಬಳಸಿ ಸೊಸೆಯನ್ನು ಮನೆಯಿಂದ ತೆರವು ಮಾಡಿಸಿದ ಬೆಂಗಳೂರಿನ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹಿರಿಯರಿಗೆ ರಕ್ಷಣೆ ಬೇಕು ನಿಜ, ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಹೆಣ್ಣಿಗೆ ಕೊಟ್ಟಿರುವ ವಾಸದ ಹಕ್ಕನ್ನು ಆ ದಾರಿಯಲ್ಲಿ ಅಳಿಸಿಹಾಕುವಂತಿಲ್ಲ ಅಂತ 2020ರ ಡಿಸೆಂಬರಿನಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಈ ಮಾತನ್ನು ಪ್ರತಿ ಸಂಘದಲ್ಲೂ ಓದಿ ಹೇಳಿ.

ಬತ್ತಿಹೋಗುವುದು ಹೇಗೆ ಗೊತ್ತಾಗುತ್ತದೆ?

ದಣಿವು ಬೇರೆ, ಬತ್ತಿಹೋಗುವುದು ಬೇರೆ. ದಣಿದವಳು ಒಂದು ರಾತ್ರಿ ಮಲಗಿದರೆ ಏಳುತ್ತಾಳೆ. ಬತ್ತಿಹೋದವಳಿಗೆ ಮಲಗಿದರೂ ನಿದ್ದೆ ಬರುವುದಿಲ್ಲ, ಬಂದರೂ ಸುಸ್ತು ಹೋಗುವುದಿಲ್ಲ. ತನ್ನ ಬಿ.ಪಿ. ಮಾತ್ರೆ ತನಗೇ ಮರೆತುಹೋಗುತ್ತದೆ. ಸಣ್ಣ ಮಾತಿಗೆ ಕಣ್ಣೀರು, ಇಲ್ಲವೇ ಸಿಡುಕು. ನೆಂಟರ ಮನೆ, ಜಾತ್ರೆ, ಮದುವೆ ಒಂದೊಂದೇ ಬಿಟ್ಟುಹೋಗುತ್ತವೆ. ಕೊನೆಗೆ 'ಇವರು ಬೇಗ ಹೋಗಿಬಿಟ್ಟರೆ ಸಾಕಪ್ಪ' ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಗುತ್ತದೆ. ಗೆಳತಿಯರೇ, ಆ ಯೋಚನೆ ಬಂದವಳು ಪಾಪಿಯಲ್ಲ. ಅವಳಿಗೆ ಬಿಡುವು ಬೇಕಾಗಿದೆ ಅಂತ ಅವಳ ಮನಸ್ಸು ಕೂಗಿ ಹೇಳುತ್ತಿದೆ.

ಎರಡು ಕಷ್ಟದ ಮಾತುಗಳನ್ನು ಇಲ್ಲಿ ಆಡಲೇಬೇಕು.

ಮೊದಲನೆಯದು. ಇಪ್ಪತ್ತು ವರ್ಷ ಹೊಡೆದ ಗಂಡ ಈಗ ಒಂದು ಕೈ ಒಂದು ಕಾಲು ಸ್ವಾಧೀನವಿಲ್ಲದೆ ಬಿದ್ದಿದ್ದಾನೆ. ಆ ಕೈಗೆ ದಿನಾ ಎಣ್ಣೆ ತಿಕ್ಕುವವಳು ಅವಳೇ. ನನಗೆ ಗೊತ್ತಿರುವ ಒಬ್ಬಳು ಹೇಳಿದಳು: 'ಮೇಡಂ, ಕೈಯಿ ಬಿದ್ದೋಯ್ತು, ಬಾಯಿ ಬಿದ್ದೋಗ್ಲಿಲ್ಲ.' ಹಾಸಿಗೆಯಿಂದಲೇ ಬೈಗುಳ, ಅನುಮಾನ, ತಟ್ಟೆ ಎಸೆಯುವುದು. ಊರವರು ಅವಳಿಗೆ ಪತಿವ್ರತೆ ಅಂತ ಹೆಸರು ಕೊಟ್ಟು ಕೈತೊಳೆದುಕೊಂಡಿದ್ದಾರೆ. ಇಂಥವಳಿಗೆ 'ಕ್ಷಮಿಸಿಬಿಡಮ್ಮ' ಅಂತಲೂ ಹೇಳಬೇಡಿ, 'ಬಿಟ್ಟು ಬಾ' ಅಂತಲೂ ಅಪ್ಪಣೆ ಮಾಡಬೇಡಿ. ಅನ್ನ, ನೀರು, ಔಷಧಿ ಕೊಡುವುದು ಒಂದು. ಬೈಗುಳ ತಿನ್ನುವುದು ಇನ್ನೊಂದು. ಮೊದಲನೆಯದನ್ನು ಅವಳು ಮಾಡಬಹುದು, ಅಥವಾ ಗಂಡನ ಅಣ್ಣತಮ್ಮಂದಿರನ್ನು, ದೊಡ್ಡ ಮಕ್ಕಳನ್ನು ಮಾಡಿ ಅನ್ನಬಹುದು. ಎರಡನೆಯದನ್ನು ಸಹಿಸಬೇಕಾಗಿಲ್ಲ. ಬೈಗುಳ, ಅವಮಾನ, ಹಣ ಕಿತ್ತುಕೊಳ್ಳುವುದು ಎಲ್ಲವೂ 2005ರ ಕಾಯಿದೆಯ ಪ್ರಕಾರ ದೌರ್ಜನ್ಯವೇ. ಕಾಯಿಲೆ ಅದಕ್ಕೆ ಪರವಾನಗಿಯಲ್ಲ.

ಎರಡನೆಯದು ಇನ್ನೂ ಕಷ್ಟ. ಬತ್ತಿಹೋದ ಕೈ ಒಂದು ದಿನ ಮುದುಕಿಯ ಮೇಲೆ ಏಳುತ್ತದೆ. ರಟ್ಟೆ ಹಿಡಿದು ಎಳೆಯುವುದು, ಮತ್ತೆ ಮತ್ತೆ ಒದ್ದೆ ಮಾಡಿಕೊಳ್ಳುತ್ತಾರೆ ಅಂತ ನೀರೇ ಕೊಡದಿರುವುದು, ಕೋಣೆಯಲ್ಲಿ ಕೂಡಿಹಾಕುವುದು. ಮಾಡಿದವಳು ಹೆಣ್ಣು ಅಂತ ಅದು ದೌರ್ಜನ್ಯವಲ್ಲ ಅನ್ನುವಂತಿಲ್ಲ. ಗಂಡಿನ ಕೈ ಎದ್ದಾಗ ನಾವು ಆಡಿದ ಮಾತು ಇಲ್ಲಿಗೂ ಸಲ್ಲಬೇಕು. ಆದರೆ ಬರೀ ಛೀಮಾರಿಯಿಂದ ಆ ಮುದುಕಿ ಉಳಿಯುವುದಿಲ್ಲ. ಒಬ್ಬಳ ಮೇಲೆ ಹೇರಿದ ಹೊರೆ ನಾಲ್ಕು ಜನಕ್ಕೆ ಹಂಚಿದರೆ ಉಳಿಯುತ್ತಾಳೆ. ಕೈ ಏಳುವ ಮೊದಲೇ ಅವಳಿಗೆ ಬಿಡುವು ಕೊಡುವುದು ಇಬ್ಬರನ್ನೂ ಉಳಿಸುವ ದಾರಿ.

ಮನೆಯೊಳಗೆ ಏನು ಮಾಡಬಹುದು?

ಮೊದಲು ಬರೆದಿಡಿ. ಒಂದು ವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಯಾವ ಹೊತ್ತಿಗೆ ಏನು ಮಾಡಿದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿ. ಕಾಣದ ಕೆಲಸ ಕಾಗದಕ್ಕೆ ಇಳಿದಾಗ ಗಂಡ, ನಾದಿನಿ, ಮೈದುನ ಎಲ್ಲರ ಮುಂದೆ ಇಟ್ಟು ಮಾತಾಡಬಹುದು. 'ಸಹಾಯ ಮಾಡಿ' ಅಂದರೆ 'ಹೂಂ' ಅಂದು ಎದ್ದುಹೋಗುತ್ತಾರೆ. 'ಭಾನುವಾರ ಸ್ನಾನ ಮಾಡಿಸುವುದು ನಿಮ್ಮದು, ಔಷಧಿ ತರುವುದು ಮೈದುನಂದು, ತಿಂಗಳಿಗೆ ಇಷ್ಟು ಹಣ ನಾದಿನಿಯದು' ಅಂತ ಹೆಸರು ಹಿಡಿದು ಹೇಳಿ. ಮಗಳನ್ನು ಮಾತ್ರ ಶಾಲೆ ಬಿಡಿಸಿ ಅಜ್ಜಿಯ ಪಕ್ಕ ಕೂರಿಸಬೇಡಿ. ಅಲ್ಲಿಂದಲೇ ಈ ಸಂಕೋಲೆ ಇನ್ನೊಂದು ತಲೆಮಾರಿಗೆ ದಾಟುವುದು.

ಆಮೇಲೆ, ಮೈ ಉಳಿಸಿಕೊಳ್ಳುವ ವಿದ್ಯೆ ಕಲಿಯಿರಿ. ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು. ಕಾಯಿಲೆಯವರ ಅಡಿಯಲ್ಲಿ ಒಂದು ಗಟ್ಟಿ ಬಟ್ಟೆ ಮಡಿಸಿ ಹಾಸಿ, ಇಬ್ಬರು ಅದರ ಎರಡೂ ಅಂಚು ಹಿಡಿದು ಸರಿಸುವುದನ್ನು ಅವರೇ ನನಗೆ ಕಲಿಸಿದರು. ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಟೊಂಕ, ಬೆನ್ನಿನ ಕೆಳಭಾಗ, ಹಿಮ್ಮಡಿ ಕೆಂಪಾಗಿದೆಯೇ ನೋಡಿ. ಮಲಗಿದಂತೆಯೇ ಊಟ ಮಾಡಿಸಿದರೆ ನೆತ್ತಿಗೇರುತ್ತದೆ, ಒರಗಿಸಿ ಕೂರಿಸಿ ಸಣ್ಣ ಚಮಚದಲ್ಲಿ ನಿಧಾನವಾಗಿ ಕೊಡಿ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ 'ಇದನ್ನೆಲ್ಲ ಮಾಡಿ ತೋರಿಸಿ' ಅಂತ ನರ್ಸನ್ನು ಕೇಳುವುದು ನಿಮ್ಮ ಹಕ್ಕು. ಗಂಡಸರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕಲಿಯಿರಿ.

ಆ ನರ್ಸಮ್ಮ ಮಾಡಿದ ದೊಡ್ಡ ಉಪಕಾರ ಇನ್ನೊಂದು. ಮನೆಗೆ ಬಂದವರೆಲ್ಲ ನಮ್ಮ ಅತ್ತೆ ಹೇಗಿದ್ದಾರೆ ಅಂತ ಕೇಳುತ್ತಿದ್ದರು. ಅವರೊಬ್ಬರೇ 'ನೀನು ರಾತ್ರಿ ನಿದ್ದೆ ಮಾಡಿದ್ಯೇನಮ್ಮ?' ಅಂತ ಕೇಳಿದರು. ಪ್ರತಿ ಭಾನುವಾರ ಎರಡು ಗಂಟೆ ಅತ್ತೆಯ ಪಕ್ಕ ಕೂರುತ್ತಿದ್ದರು. ಆ ಎರಡು ಗಂಟೆ ನಾನು ಕೆಲವು ಸಲ ಪೇಟೆಗೆ ಹೋದೆ, ಕೆಲವು ಸಲ ಸುಮ್ಮನೆ ಮಲಗಿದೆ. ಆರು ವರ್ಷ ನಾನು ನಿಂತದ್ದು ಆ ಎರಡೆರಡು ಗಂಟೆಗಳ ಮೇಲೆ.

ಸಂಘ ಏನು ಮಾಡಬಹುದು?

1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಶುರುಮಾಡಿದಾಗ ನಮ್ಮ ಹೆಂಗಸರ ಕೈಗೆ ಲೆಕ್ಕ ಸಿಕ್ಕಿತು. ಕರ್ನಾಟಕದಲ್ಲಿ 2000–01ರಲ್ಲಿ ಸ್ತ್ರೀಶಕ್ತಿ ಬಂತು. ಹತ್ತಿಪ್ಪತ್ತು ರೂಪಾಯಿ ಕೂಡಿಟ್ಟು, ಸರದಿಯಂತೆ ಸಾಲ ಕೊಟ್ಟು, ವಾಪಸು ಪಡೆಯುವುದು ನಮಗೆ ಬರುತ್ತದೆ. ಹಣವನ್ನು ಹೀಗೆ ಕೂಡಿಡಲು ಬರುವವರಿಗೆ ಹೊತ್ತನ್ನು ಕೂಡಿಡಲು ಬಾರದೇ?

ನನ್ನ ಸಲಹೆ ಇದು. ಪ್ರತಿ ಸಂಘದಲ್ಲಿ ಆರೈಕೆಯ ಹೊರೆ ಹೊತ್ತಿರುವವರ ಹೆಸರು ಪಟ್ಟಿಮಾಡಿ. ಇಪ್ಪತ್ತು ಜನರ ಸಂಘದಲ್ಲಿ ಅಂಥವರು ಇಬ್ಬರಿದ್ದಾರೆ ಅನ್ನಿ. ಉಳಿದ ಹದಿನೆಂಟು ಜನ ಇಬ್ಬಿಬ್ಬರಂತೆ ಜೊತೆ ಕಟ್ಟಿಕೊಂಡರೆ ಒಂಬತ್ತು ಜೊತೆ. ವಾರಕ್ಕೊಂದು ಜೊತೆ ಒಂದೊಂದು ಮನೆಗೆ ಎರಡು ಗಂಟೆ ಹೋದರೆ, ಇಬ್ಬರಿಗೂ ವಾರಕ್ಕೆ ಎರಡು ಗಂಟೆ ಬಿಡುವು. ನಿಮ್ಮ ಸರದಿ ಬರುವುದು ನಾಲ್ಕೈದು ವಾರಕ್ಕೊಮ್ಮೆ. ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಯಾಕೆಂದರೆ ಬರೆಯದ ಉಪಕಾರ ಎರಡು ವಾರಕ್ಕೆ ನಿಂತುಹೋಗುತ್ತದೆ. ಅಂಥವಳಿಗೆ ಗೈರುಹಾಜರಿಯ ದಂಡ ರದ್ದು ಮಾಡಿ, ಆರು ತಿಂಗಳಿಗೊಮ್ಮೆಯಾದರೂ ಸಭೆಯನ್ನು ಅವಳ ಜಗಲಿಯಲ್ಲೇ ನಡೆಸಿ. ಗಾಳಿ ಹಾಸಿಗೆ, ಗಾಲಿಕುರ್ಚಿ, ವಾಕರ್ ಇವುಗಳನ್ನು ಒಕ್ಕೂಟವೇ ಕೊಂಡು ಮನೆಯಿಂದ ಮನೆಗೆ ಕೊಡಬಹುದು. ಒಂದು ಮನೆಯಲ್ಲಿ ಕೆಲಸ ಮುಗಿದ ವಸ್ತು ಅಟ್ಟದಲ್ಲಿ ಧೂಳು ಹಿಡಿಯುವುದು ಬೇಡ.

ಇದು ಕನಸಲ್ಲ. ಪಕ್ಕದ ಕೇರಳದಲ್ಲಿ, 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ಉಪಶಮನ ಆರೈಕೆಯ ಕೆಲಸ ಮುಂದೆ ಮಲಪ್ಪುರಂ ಮುಂತಾದ ಕಡೆ ಊರಿನ ಜನರ ಚಳವಳಿಯೇ ಆಯಿತು. ಸಾಮಾನ್ಯ ಜನ ತರಬೇತಿ ಪಡೆದು, ಹಾಸಿಗೆ ಹಿಡಿದ ನೆರೆಯವರ ಮನೆಗೆ ನರ್ಸುಗಳ ಜೊತೆ ಹೋಗಲು ಆರಂಭಿಸಿದರು. 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೊಂದು ನೀತಿಯನ್ನು ರೂಪಿಸಿತು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗಿಷ್ಟು ಅಂತ ಕೊಡುವ 'ಆಶ್ವಾಸಕಿರಣಂ' ಎಂಬ ಯೋಜನೆಯನ್ನೂ ತಂದಿತು. ನಮ್ಮ ಬೆಂಗಳೂರಿನಲ್ಲೂ ಗುಣವಾಗುವ ಹಂತ ಮೀರಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯ 1999ರಿಂದ ಇದೆ.

ಸರ್ಕಾರದಿಂದ ಏನು ಕೇಳಬೇಕು?

ಇಂಗ್ಲೆಂಡಿನ ಒಂದು ಪ್ರಸಂಗ ಹೇಳುತ್ತೇನೆ. ಅಲ್ಲಿ 1976ರಲ್ಲಿ, ಅಶಕ್ತರನ್ನು ನೋಡಿಕೊಳ್ಳಲು ಕೆಲಸ ಬಿಟ್ಟವರಿಗೆ ಒಂದು ಭತ್ಯೆ ಬಂತು. ಆದರೆ ಮದುವೆಯಾದ ಹೆಂಗಸಿಗೆ ಅದು ಇರಲಿಲ್ಲ. ಅವಳು ಹೇಗಿದ್ದರೂ ಮನೆಯಲ್ಲೇ ಇರುವವಳಲ್ಲವೇ ಎಂಬುದು ಸರ್ಕಾರದ ವಾದ! ಜಾಕ್ವೆಲಿನ್ ಡ್ರೇಕ್ ಎಂಬ ಮಹಿಳೆ ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿದ್ದಳು. ಅವಳ ಪ್ರಕರಣ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 1986ರಲ್ಲಿ ಅವಳು ಗೆದ್ದಳು, ಮದುವೆಯಾದ ಹೆಂಗಸರಿಗೂ ಆ ಭತ್ಯೆ ಬಂತು. ಪಿಗೂವಿನ ಉದಾಹರಣೆಯ ತಾಳಿಯ ಗಂಟನ್ನು ಅಲ್ಲಿ ಒಬ್ಬ ಹೆಂಗಸು ಬಿಚ್ಚಿಸಿದಳು.

ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆಯ ಭತ್ಯೆಯ ಮಾತನ್ನು ಆಡುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಗುರುತಿನ ಚೀಟಿ, ಪಿಂಚಣಿ, ಭತ್ಯೆ ಯಾವುದಕ್ಕೆ ಅರ್ಜಿ ಹಾಕಬಹುದು ಕೇಳಿ. ಒಬ್ಬಳೇ ಹೋದರೆ 'ನಾಳೆ ಬಾ' ಅನ್ನುತ್ತಾರೆ, ಹತ್ತು ಜನ ಹೋಗಿ. ಮಗ, ಮಗಳು ಕೈಬಿಟ್ಟ ಹಿರಿಯರು 2007ರ ಕಾಯಿದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ಹಿರಿಯರ ಸಹಾಯವಾಣಿ 14567. ಮನೆಯಲ್ಲಿ ದೌರ್ಜನ್ಯವಾದರೆ 181, ಜೀವಕ್ಕೆ ಅಪಾಯವಾದರೆ 112. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ದೌರ್ಜನ್ಯ ಕಾಯಿದೆಯ ರಕ್ಷಣಾಧಿಕಾರಿಯೂ ಹೌದು.

ಇನ್ನೊಂದು ನಂಬರು ಗುರುತು ಹಾಕಿಕೊಳ್ಳಿ: 14416. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್. ಹಗಲು ರಾತ್ರಿ, ಕನ್ನಡದಲ್ಲೇ, ದುಡ್ಡಿಲ್ಲದೆ ಮನಸ್ಸಿನ ಕಷ್ಟ ಹೇಳಿಕೊಳ್ಳಬಹುದು. ಹುಚ್ಚು ಹಿಡಿದವರು ಮಾತ್ರ ಫೋನ್ ಮಾಡಬೇಕು ಅಂತಲ್ಲ. ನಿದ್ದೆ ಬಾರದವಳು, ಸಾಕಾಗಿಹೋಯಿತು ಅನ್ನಿಸಿದವಳು, ಸತ್ತುಹೋಗೋಣ ಅನ್ನಿಸಿದವಳು ಆ ರಾತ್ರಿಯೇ ಮಾಡಬೇಕು. ಮಾನಸಿಕ ಆರೋಗ್ಯವನ್ನು ಹಳ್ಳಿಗೆ ತಲುಪಿಸುವ ದಾರಿಯನ್ನು ದೇಶಕ್ಕೆ ತೋರಿಸಿದ್ದೇ ನಮ್ಮ ಬಳ್ಳಾರಿ. ನಿಮ್ಹಾನ್ಸ್‌ನವರು 1985ರಲ್ಲಿ ಅಲ್ಲಿ ಆರಂಭಿಸಿದ ಕೆಲಸವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದನ್ನು ಬಳಸಿಕೊಳ್ಳಲು ನಾವೇ ನಾಚಿಕೊಂಡರೆ ಹೇಗೆ?

ಅಕ್ಕತಂಗಿಯರೇ, ಪ್ರೀತಿ ಇದ್ದರೆ ದಣಿವಾಗುವುದಿಲ್ಲ ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಅದು ಸುಳ್ಳು. ಪ್ರೀತಿ ಇರುವವರಿಗೂ ಸೊಂಟ ನೋಯುತ್ತದೆ, ನಿದ್ದೆ ಬೇಕಾಗುತ್ತದೆ. ಸಹಾಯ ಕೇಳಿದವಳ ಪ್ರೀತಿ ಕಡಿಮೆಯಲ್ಲ. ಕೇಳಬಾರದು ಅಂತ ಅವಳ ಬಾಯಿ ಕಟ್ಟಿದವರು, ಆ ಕೆಲಸ ತಮ್ಮ ಪಾಲಿಗೆ ಬಾರದಿರಲಿ ಅಂತ ಹಾಗೆ ಮಾಡಿದ್ದಾರೆ.

ಇವತ್ತು ಮನೆಗೆ ಹೋಗುವ ದಾರಿಯಲ್ಲಿ ನಿಮ್ಮ ಬೀದಿಯ ಅಂಥ ಒಂದು ಮನೆಯ ಬಾಗಿಲು ತಟ್ಟಿ. ಒಳಗೆ ಮಲಗಿರುವವರನ್ನು ಮಾತಾಡಿಸಿ. ಆಮೇಲೆ ಬಾಗಿಲು ತೆಗೆದವಳನ್ನು ಕೇಳಿ: 'ನೀನು ಹೇಗಿದ್ದೀಯಮ್ಮ? ಭಾನುವಾರ ನಾವಿಬ್ಬರು ಬಂದು ಕೂರ್ತೀವಿ. ಎಷ್ಟು ಹೊತ್ತಿಗೆ ಬರಲಿ?'